ಎಂಜಿನ್ ಬಿಸಿಯೇ ಆಗುತ್ತಿಲ್ಲ, ಹಾಗೇ ಓಡಿಸಬಹುದೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ. ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು ಇದೆ. ಕಳೆದ ಬೇಸಿಗೆಯಲ್ಲಿ ಮಂಗಳೂರಿನಿಂದ ವಾಪಸ್ ಬರುವಾಗ ಸಂಪಾಜೆ ಘಾಟಿ ಹತ್ತುವಲ್ಲಿ ಎಂಜಿನ್ ವಿಪರೀತ ಬಿಸಿಯಾಗಿ ಗಾಡಿ ನಿಲ್ಲಿಸಬೇಕಾಯಿತು. ಗ್ಯಾರೇಜಿನಲ್ಲಿ ಸರಿ ಮಾಡಿಸಿದೆ. ಅಲ್ಲಿಂದೀಚೆಗೆ ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುವುದೇ ಇಲ್ಲ. ಘಾಟಿ ಇಳಿಯುವಾಗಲಂತೂ ತಳಕ್ಕೇ ಬಂದು ಕೂರುತ್ತದೆ. ಮಳೆಯಲ್ಲಿ ಗಾಜಿನ ಮಬ್ಬು ತೆಗೆಯಲು ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ ಬರುತ್ತದೆ. ಮೈಲೇಜೂ ಇಳಿದಿದೆ. ಆಯಿಲ್ ಹಾಕುವ ಮುಚ್ಚಳದ ಅಡಿ ಕೆನೆಯಂಥದ್ದು ಕಟ್ಟಿಕೊಂಡಿದೆ. ಅದನ್ನು ನೋಡಿ ಒಬ್ಬರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಅಂದರು. ಇನ್ನೊಬ್ಬರು ‘ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು, ಹಾಗೇ ಬಿಡಿ’ ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವಿನ ಸೀಲ್, ಹೋಗಿದೆ ಎನ್ನಲು ಆ ಕೆನೆಯೊಂದೇ ಸಾಲದು. ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎನ್ನುವುದಂತೂ ಪೂರ್ತಿ ತಪ್ಪು. ನೀವು ಬರೆದ ಲಕ್ಷಣಗಳನ್ನು, ಅದರಲ್ಲೂ ಎಲ್ಲ ಶುರುವಾದದ್ದು ಆ ರಿಪೇರಿಯ ನಂತರ ಎಂಬುದನ್ನು ನೋಡಿದರೆ, ನನ್ನ ಅನುಮಾನ ಥರ್ಮೋಸ್ಟಾಟ್ ಮೇಲೆ, ಅಂದರೆ ಎಂಜಿನ್ನಿನ ಕಾವನ್ನು ಹದದಲ್ಲಿಡುವ ವಾಲ್ವ್ ಮೇಲೆ. ಒಂದೋ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಅದನ್ನು ತೆಗೆದೇ ಹಾಕಿದ್ದಾರೆ. ಆದರೆ ಅನುಮಾನದ ಮೇಲೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವುದು ಬೇಡ. ದುಡ್ಡು ಹೆಚ್ಚು ಖರ್ಚಿಲ್ಲದೆ ಮನೆಯಂಗಳದಲ್ಲೇ ಇದನ್ನು ಖಚಿತ ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು, ಇವತ್ತೇ, ಕೂಲೆಂಟ್ (ಎಂಜಿನ್ ಮತ್ತು ರೇಡಿಯೇಟರಿನಲ್ಲಿ ಸುತ್ತುತ್ತಾ ಎಂಜಿನ್ನನ್ನು ತಂಪಾಗಿಡುವ ದ್ರವ) ಎಷ್ಟಿದೆ ನೋಡಿ. ಮುಳ್ಳು ಕೆಳಗಿದ್ದ ಮಾತ್ರಕ್ಕೆ ಎಂಜಿನ್ ತಣ್ಣಗಿದೆ ಎಂದು ಹೇಳಲಾಗದು. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಎಲ್ಲೋ ಸೋರಿ ಮಟ್ಟ ಇಳಿದಿದ್ದರೆ ಸೆನ್ಸರಿನ ತುದಿ ಗಾಳಿಯಲ್ಲಿ ಉಳಿಯುತ್ತದೆ. ಆಗ ಸಿಲಿಂಡರ್ ಹೆಡ್ ಕೆಂಡದಂತೆ ಕಾಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಹೀಟರಿಗೆ ಹೋಗುವುದೂ ಅದೇ ಕೂಲೆಂಟ್ ಆದ್ದರಿಂದ, ಅದು ಕಮ್ಮಿಯಾದರೆ ಹೀಟರೂ ತಣ್ಣಗಾಗುತ್ತದೆ. ಅಂದರೆ ನೀವು ಹೇಳಿದ ಎರಡು ಮುಖ್ಯ ಲಕ್ಷಣಗಳು ಇದಕ್ಕೂ ಹೊಂದುತ್ತವೆ. ಹಾಗಾಗಿ ಇದನ್ನು ನೋಡುವ ತನಕ ಘಾಟಿಗೆ ಗಾಡಿ ಇಳಿಸಬೇಡಿ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಸರಿಯಿದೆ ಎಂದು ಸುಮ್ಮನಾಗಬೇಡಿ. ರೇಡಿಯೇಟರಿಗೇ ಮುಚ್ಚಳವಿರುವ ಕಾರಾದರೆ ಅದನ್ನೂ ತೆಗೆದು ಒಳಗೆ ನೋಡಿ. ಎಂಜಿನ್ ಆರುವಾಗ ಬಾಟಲಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳಲು ಆ ಮುಚ್ಚಳದಲ್ಲೊಂದು ಪುಟ್ಟ ವಾಲ್ವ್ ಇದೆ. ಅದು ಕೆಟ್ಟರೆ ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಮಾತ್ರ ಖಾಲಿಯಾಗುತ್ತಾ ಹೋಗುತ್ತದೆ. ಕೂಲೆಂಟ್ ಅಂಚಿನವರೆಗೆ ಇದ್ದರೆ ಮುಂದಿನ ಮಾತು. ಕಮ್ಮಿಯಿದ್ದರೆ ಸೋರುವ ಜಾಗ ಹುಡುಕುವುದೇ ಮೊದಲ ಕೆಲಸ, ಉಳಿದದ್ದೆಲ್ಲ ಆಮೇಲೆ.

ಎರಡನೆಯದು, ಮುಳ್ಳು ನಿಜ ಹೇಳುತ್ತಿದೆಯೇ ಎಂಬುದು. ಕೆಲವು ಕಾರುಗಳಲ್ಲಿ ಮುಳ್ಳಿಗೊಂದು, ಎಂಜಿನ್ ಕಂಪ್ಯೂಟರಿಗೊಂದು, ಹೀಗೆ ಎರಡು ಬೇರೆ ಸೆನ್ಸರ್ ಇರುತ್ತವೆ. ಮುಳ್ಳಿನ ಸೆನ್ಸರ್ ಮಾತ್ರ ಕೆಟ್ಟಿದ್ದರೆ ಎಂಜಿನ್ ಸರಿಯಾಗಿಯೇ ಕಾದಿರುತ್ತದೆ, ಮೈಲೇಜೂ ಇಳಿಯುವುದಿಲ್ಲ, ಹೀಟರೂ ಬಿಸಿಯಿರುತ್ತದೆ. ನಿಮ್ಮಲ್ಲಿ ಮೂರೂ ಕೆಟ್ಟಿರುವುದರಿಂದ ಎಂಜಿನ್ ನಿಜವಾಗಿಯೂ ತಣ್ಣಗಿದೆ ಎಂದೇ ತೋರುತ್ತದೆ. ಆದರೂ ಅಂಕಿಯಲ್ಲಿ ನೋಡಿಬಿಡುವುದು ಒಳ್ಳೆಯದು. ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನಡಿ, ಎಂಜಿನ್ ಕಂಪ್ಯೂಟರಿನ ಲೆಕ್ಕ ಓದಲು ಓಬಿಡಿ ಎಂಬ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಅಗ್ಗಕ್ಕೇ ಸಿಗುತ್ತದೆ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಕೂಲೆಂಟಿನ ಉಷ್ಣತೆ ಡಿಗ್ರಿ ಲೆಕ್ಕದಲ್ಲೇ ಕಾಣುತ್ತದೆ. ಕೊಡಗಿನಂಥ ಕಡೆ, ಒಳ್ಳೆಯ ಗ್ಯಾರೇಜಿಗೆ ಮಡಿಕೇರಿಗೋ ಕುಶಾಲನಗರಕ್ಕೋ ಹೋಗಬೇಕಾದವರು ಇದೊಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಕೂಲೆಂಟಿನ ಉಷ್ಣತೆ ಮತ್ತು ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ, ಎರಡನ್ನೂ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಡಿಸೆಂಬರಿನ ಬೆಳಿಗ್ಗೆ ಗಾಳಿ 13 ಅಂದರೆ ಕೂಲೆಂಟ್ 14 ಅನ್ನಬಹುದು, ಅಡ್ಡಿಯಿಲ್ಲ. ಕೂಲೆಂಟ್ ಮೈನಸ್ 40 ಎಂದು ತೋರಿಸಿದರೆ ಸೆನ್ಸರಿನ ವಯರ್ ತುಂಡಾಗಿದೆ ಇಲ್ಲವೇ ಕಪ್ಲರ್ ಕಳಚಿಕೊಂಡಿದೆ ಎಂದರ್ಥ. ನಮ್ಮ ಕಡೆ ಇಲಿಗಳು ಬಾನೆಟ್ ಒಳಗೆ ಸೇರಿ ವಯರ್ ಕಡಿಯುವುದು ಮಳೆಗಾಲದಲ್ಲಿ ತೀರಾ ಸಾಮಾನ್ಯ, ಅದನ್ನೂ ಕಣ್ಣಿಟ್ಟು ನೋಡಿ. ಎರಡೂ ಅಂಕಿ ಹೊಂದಿದರೆ ತಣ್ಣಗಿರುವಾಗ ಸೆನ್ಸರ್ ಸರಿಯಾಗಿ ಓದುತ್ತಿದೆ ಎಂದಾಯಿತು.

ಈಗ ಥರ್ಮೋಸ್ಟಾಟ್ ವಿಷಯ. ಇದು ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಒಂದು ವಾಲ್ವ್, ಕೆರೆಯ ತೂಬಿನ ಕೆಲಸ ಮಾಡುತ್ತದೆ. ಅದರ ಹೊಟ್ಟೆಯಲ್ಲಿ ಮೇಣ ತುಂಬಿರುತ್ತದೆ. ಕಾದಾಗ ಮೇಣ ಹಿಗ್ಗಿ ವಾಲ್ವನ್ನು ತಳ್ಳಿ ತೆರೆಯುತ್ತದೆ, ಆರಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕೆಂಬುದು ಅದರ ಮೇಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 82 ಅಥವಾ 88. ಅಲ್ಲಿಂದ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ವಾಲ್ವ್ ಮುಚ್ಚಿರುವ ತನಕ ಕೂಲೆಂಟ್ ರೇಡಿಯೇಟರ್ ಕಡೆಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ.

ಇದು ಗೊತ್ತಿದ್ದರೆ ಅರ್ಧ ಪತ್ತೆ ಆದಂತೆ. ಥರ್ಮೋಸ್ಟಾಟ್ ಸರಿಯಿದ್ದರೆ ಹೊರಗೆ ಎಷ್ಟೇ ಚಳಿಯಿದ್ದರೂ, ಮಳೆ ನೀರು ರೇಡಿಯೇಟರಿಗೆ ರಾಚುತ್ತಿದ್ದರೂ, ಫ್ಯಾನ್ ಬಿಡದೆ ತಿರುಗುತ್ತಿದ್ದರೂ ಎಂಜಿನ್ ಓಡುತ್ತಿರುವಾಗ ತೀರಾ ತಣ್ಣಗಾಗಲಾರದು. ‘ನಮ್ಮ ಊರಿನ ಚಳಿಗೆ ಹೀಗಾಗುತ್ತೆ ಬಿಡಿ’ ಎಂದು ಹೇಳುವವರಿಗೆ ಇದೇ ಉತ್ತರ. ಮಡಿಕೇರಿಯ ಚಳಿಗಿಂತ ಎಷ್ಟೋ ಪಟ್ಟು ಕೊರೆಯುವ ಲಡಾಖಿನಲ್ಲೂ ಇದೇ ಕಾರುಗಳು ಮುಳ್ಳು ನಡುವಿನಲ್ಲಿಟ್ಟುಕೊಂಡು ಓಡುತ್ತವೆ. ಕೀ ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗಲು ಶುರುವಾಗುತ್ತದೆ ಎಂದಾದರೆ ಅದರ ವಿದ್ಯುತ್ ಸ್ವಿಚ್ಚಾದ ರಿಲೇ ಅಂಟಿಕೊಂಡಿರಬಹುದು, ಯಾರೋ ಫ್ಯಾನಿಗೆ ನೇರ ವಯರ್ ಎಳೆದಿರಬಹುದು, ಅಥವಾ ಸೆನ್ಸರ್ ಲೆಕ್ಕ ಸಿಗದೆ ಕಂಪ್ಯೂಟರೇ ಮುಂಜಾಗ್ರತೆಗೆ ಫ್ಯಾನ್ ಹಾಕಿರಬಹುದು. ಅದನ್ನು ಸರಿಪಡಿಸಬೇಕು ನಿಜ, ಆದರೆ ಅದೊಂದರಿಂದಲೇ ಎಂಜಿನ್ ಹೀಗೆ ತಣ್ಣಗಾಗುವುದಿಲ್ಲ.

ಕೈಯಲ್ಲೇ ಮಾಡುವ ಪರೀಕ್ಷೆ ಹೀಗೆ. ಗಾಡಿ ಪೂರ್ತಿ ಆರಿರುವಾಗ ಬಾನೆಟ್ ತೆರೆದು ಸ್ಟಾರ್ಟ್ ಮಾಡಿ. ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ರಬ್ಬರ್ ಹೋಸ್ ಇದೆಯಲ್ಲ, ಅದನ್ನು ಆಗಾಗ ಮುಟ್ಟಿ ನೋಡುತ್ತಿರಿ. ಸೀರೆಯ ಸೆರಗು, ಸಡಿಲ ತೋಳು ಫ್ಯಾನಿನ ಹತ್ತಿರ ಹೋಗದಂತೆ ಎಚ್ಚರ. ಸರಿಯಾದ ಗಾಡಿಯಲ್ಲಿ ಮೊದಲ ಹಲವು ನಿಮಿಷ ಆ ಹೋಸ್ ತಣ್ಣಗೇ ಇರುತ್ತದೆ. ಎಂಜಿನ್ ಬ್ಲಾಕ್ ಹತ್ತಿರ ಕೈ ಒಯ್ದರೆ ಕಾವು ತಾಗುತ್ತದೆ, ಹೋಸ್ ಮಾತ್ರ ತಣ್ಣಗೆ. ಆಮೇಲೆ ಒಂದು ಹಂತದಲ್ಲಿ, ವಾಲ್ವ್ ತೆರೆಯುತ್ತಿದ್ದಂತೆ, ಒಂದೆರಡು ನಿಮಿಷದೊಳಗೆ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ವಾಲ್ವ್ ತೆರೆದೇ ಇರುವ ಗಾಡಿಯಲ್ಲಿ ಈ ದಿಢೀರ್ ಬದಲಾವಣೆ ಇರುವುದಿಲ್ಲ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಬೆಚ್ಚಗಾಗಲು ತೊಡಗಿ, ಎಂಜಿನ್ ಜೊತೆಜೊತೆಗೇ ನಿಧಾನವಾಗಿ ಕಾಯುತ್ತಾ ಹೋಗುತ್ತದೆ.

ಆದರೆ ಇದರಲ್ಲಿ ಹಲವು ಮೆಕ್ಯಾನಿಕ್‌ಗಳೂ ಎಡವುವ ಒಂದು ಜಾಗವಿದೆ. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮೇಲಿನ ಹೋಸಿನ ಬುಡದಲ್ಲಿರುವುದಿಲ್ಲ, ರೇಡಿಯೇಟರಿನಿಂದ ಎಂಜಿನ್ನಿಗೆ ವಾಪಸ್ ಬರುವ ಕೆಳಗಿನ ಹೋಸಿನ ತುದಿಯಲ್ಲಿ, ವಾಟರ್ ಪಂಪಿನ ಪಕ್ಕ ಇರುತ್ತದೆ. ಅಂಥ ಗಾಡಿಯಲ್ಲಿ ಮೇಲಿನ ಹೋಸ್ ಬೇಗ ಬಿಸಿಯಾಗುವುದು ದೋಷವಲ್ಲ. ಅಲ್ಲಿ ಕೆಳಗಿನ ಹೋಸನ್ನು ನೋಡಬೇಕು. ಹೋಸ್ ಎಂಜಿನ್ನಿಗೆ ಸೇರುವಲ್ಲಿ, ಎರಡು ಮೂರು ಬೋಲ್ಟ್ ಹಾಕಿ ಕೂರಿಸಿದ ಉಬ್ಬಿದ ಕವರ್ ಯಾವ ಹೋಸಿನ ಬುಡದಲ್ಲಿದೆಯೋ ಅಲ್ಲಿ ಥರ್ಮೋಸ್ಟಾಟ್ ಇದೆ ಎಂದು ತಿಳಿಯಿರಿ.

ಮುಟ್ಟಿ ನೋಡಿದ್ದಕ್ಕಿಂತ ಖಚಿತವಾದದ್ದು ಓಡಿಸಿ ನೋಡುವುದು. ಅಡಾಪ್ಟರ್ ಹಾಕಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಫೋನ್ ಅವರ ಕೈಗೆ ಕೊಟ್ಟು, ಮಾದಾಪುರ ದಾರಿಯಲ್ಲಿ ಮಡಿಕೇರಿ ಕಡೆ ಹೊರಡಿ. ಏರು, ಇಳಿಜಾರು ಎರಡೂ ಸಿಗುವುದರಿಂದ ಇಂಥ ರಸ್ತೆ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಥರ್ಮೋಸ್ಟಾಟ್ ಸರಿಯಿದ್ದರೆ ಅಂಕಿ ಬೇಗಬೇಗ 80ರ ಮೇಲೆ ಏರಿ, ವಾಲ್ವ್ ತೆರೆಯುವಾಗ ಕೊಂಚ ಇಳಿದು, ಮತ್ತೆ 85ರಿಂದ 95ರ ನಡುವೆ ಎಲ್ಲೋ ನೆಲೆ ನಿಲ್ಲುತ್ತದೆ. ಏರಿಗೆ ನಾಲ್ಕು ಡಿಗ್ರಿ ಹೆಚ್ಚು, ಇಳಿಜಾರಿಗೆ ನಾಲ್ಕು ಡಿಗ್ರಿ ಕಮ್ಮಿ, ಅಷ್ಟೇ. ಕೆಟ್ಟಿದ್ದರೆ ಅಂಕಿಗೆ ನೆಲೆಯೇ ಇರುವುದಿಲ್ಲ. ಏರಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುವಾಗ 80ಕ್ಕೆ ಹೋಗಿ, ಇಳಿಜಾರಿನಲ್ಲಿ 60ಕ್ಕೋ ಇನ್ನೂ ಕೆಳಕ್ಕೋ ಬೀಳುತ್ತದೆ.

ಸಂಪಾಜೆ ಇಳಿಯುವಾಗ ನಿಮ್ಮ ಮುಳ್ಳು ತಳಕ್ಕೆ ಕೂರುವುದರ ಕಾರಣವೂ ಇದೇ. ಮಡಿಕೇರಿಯಿಂದ ಸಂಪಾಜೆಗೆ ರಸ್ತೆ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಉರಿಯುವುದೇ ಇಲ್ಲವೆಂದ ಮೇಲೆ ಶಾಖ ಎಲ್ಲಿಂದ ಬರಬೇಕು? ವಾಟರ್ ಪಂಪ್ ಮಾತ್ರ ತಿರುಗುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಮುಚ್ಚಿಕೊಂಡರೆ ಇದ್ದ ಶಾಖ ಒಳಗೇ ಉಳಿಯುತ್ತದೆ. ಮುಚ್ಚದಿದ್ದರೆ ಅಷ್ಟನ್ನೂ ರೇಡಿಯೇಟರ್ ಗಾಳಿಗೆ ಕೊಡುತ್ತದೆ. ಹಾಗೆಂದು ನ್ಯೂಟ್ರಲ್ ಮಾಡಿ ಇಳಿಯಬೇಡಿ. ಎಂಜಿನ್ ಬ್ರೇಕ್ ಇಲ್ಲದೆ ಆ ತಿರುವುಗಳಲ್ಲಿ ಇಳಿದರೆ ಬ್ರೇಕ್ ಕಾದು ಹಿಡಿಯುವುದೇ ನಿಲ್ಲುತ್ತದೆ.

ಅಡಾಪ್ಟರ್ ಹಾಕಿದಾಗ ಪಿ0128 ಎಂಬ ಕೋಡ್ ಇದೆಯೇ ನೋಡಿ. ಎಂಜಿನ್ ಇಷ್ಟು ಹೊತ್ತಿಗೆ ಇಷ್ಟು ಕಾಯಬೇಕಿತ್ತು, ಕಾದಿಲ್ಲ ಎಂದು ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಬರೆದಿಟ್ಟ ದೂರು ಅದು. ಇದ್ದರೆ ನಮ್ಮ ಅನುಮಾನಕ್ಕೆ ಬಲ ಬಂತು. ಇಲ್ಲದಿದ್ದರೆ ದೋಷ ಇಲ್ಲವೆಂದಲ್ಲ. ಎಲ್ಲ ಕಾರುಗಳೂ ಈ ಕೋಡನ್ನು ಬೇಗ ಹಾಕುವುದಿಲ್ಲ.

ತಣ್ಣಗಿದ್ದರೆ ಏನು ಕೆಡುತ್ತದೆ ಎಂಬುದಕ್ಕೆ ಬರುತ್ತೇನೆ, ಏಕೆಂದರೆ ನಿಮಗೆ ‘ಹಾಗೇ ಬಿಡಿ’ ಎಂದವರ ಮಾತು ಊರೂರಲ್ಲೂ ಕೇಳಿಬರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಹಳೆಯ ಕಾರುಗಳಲ್ಲಿ ಚೋಕ್ ಎಳೆಯುತ್ತಿದ್ದೆವಲ್ಲ, ಈಗ ಕಂಪ್ಯೂಟರ್ ತಾನೇ ಆ ಕೆಲಸ ಮಾಡಿ ಹೆಚ್ಚು ಪೆಟ್ರೋಲ್ ಬಿಡುತ್ತದೆ. ನಿಮ್ಮ ಮೈಲೇಜ್ ಹೋದದ್ದು ಅಲ್ಲಿಗೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ.

ಮುಚ್ಚಳದ ಕೆನೆಯ ಗುಟ್ಟೂ ಇಲ್ಲೇ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಭಾಗ ರಿಂಗ್ ಸಂದಿನಿಂದ ಆಯಿಲ್ ಕಡೆಗೆ ನುಸುಳುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಮತ್ತೆ ಆವಿಯಾಗಿ ಹೋಗಿಬಿಡುತ್ತದೆ. ಕಾಯದಿದ್ದರೆ ಎಂಜಿನ್ನಿನ ತಣ್ಣನೆಯ ಜಾಗದಲ್ಲಿ, ಅಂದರೆ ಮೇಲಿನ ಮುಚ್ಚಳದ ಅಡಿಯಲ್ಲಿ, ಹನಿಗಟ್ಟಿ ಆಯಿಲ್ ಜೊತೆ ಕಲೆತು ಹಳದಿ ಬಿಳುಪಿನ ಕೆನೆಯಾಗುತ್ತದೆ. ಜೂನ್ ಜುಲೈ ಮಳೆಯಲ್ಲಿ, ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಎಲ್ಲ ಸರಿಯಿದ್ದರೂ ಇದು ಸ್ವಲ್ಪ ಕಟ್ಟುತ್ತದೆ. ಥರ್ಮೋಸ್ಟಾಟೂ ಕೆಟ್ಟಿದ್ದರೆ ಕೇಳುವುದೇ ಬೇಡ.

ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲಿಗೆ ಕೂಲೆಂಟ್ ಸೇರಿದ್ದರೆ ಮುಚ್ಚಳಕ್ಕಷ್ಟೇ ಅಂಟಿಕೊಂಡಿರುವುದಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಹೊರತೆಗೆಯಿರಿ, ಬಿಳಿ ಬಟ್ಟೆಗೆ ಒರೆಸಿ. ಆಯಿಲ್ ಕಂದೋ ಕಪ್ಪೋ ಇದ್ದು ಪಾರದರ್ಶಕವಾಗಿ ಹರಡಿದರೆ ಸಮಾಧಾನ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಚಿಂತೆಯ ಮಾತು. ಅದರ ಜೊತೆಗೆ ಕೂಲೆಂಟ್ ಸೋರಿಕೆ ಕಾಣದೆಯೇ ಕಮ್ಮಿಯಾಗುತ್ತಿದ್ದರೆ, ಎಂಜಿನ್ ಓಡುವಾಗ ಕೂಲೆಂಟ್ ಬಾಟಲಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಕಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಗ್ಯಾಸ್ಕೆಟ್ ಮಾತು ನಿಜವಿರಬಹುದು. ಕೂಲೆಂಟಿನಲ್ಲಿ ಸಿಲಿಂಡರಿನ ಹೊಗೆ ಸೇರಿದೆಯೇ ಎಂದು ಬಣ್ಣ ಬದಲಿಸುವ ದ್ರವದಿಂದ ಪರೀಕ್ಷಿಸುವ ಸಾಧನ ಒಳ್ಳೆಯ ಗ್ಯಾರೇಜುಗಳಲ್ಲಿ ಇರುತ್ತದೆ. ಹೆಡ್ ಬಿಚ್ಚಲು ಒಪ್ಪುವ ಮೊದಲು ಆ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಕವರ್ ಬಿಚ್ಚಿಸಿದಾಗ ಒಳಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಆಶ್ಚರ್ಯಪಡಬೇಡಿ. ಗಾಡಿ ಬಿಸಿಯಾಯಿತೆಂದರೆ ಮೊದಲು ಅದನ್ನು ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ತೋಟದ ಜೀಪುಗಳಲ್ಲಂತೂ ಥರ್ಮೋಸ್ಟಾಟ್ ಇರುವುದೇ ಅಪರೂಪ ಎನ್ನುವಷ್ಟು. ಆದರೆ ಕಿತ್ತರೆ ಎಂಜಿನ್ ಎಲ್ಲ ಸಮಯದಲ್ಲೂ ತಣ್ಣಗಿರುತ್ತದೆ ಎಂಬ ಭರವಸೆಯೂ ಇಲ್ಲ. ಬಹಳಷ್ಟು ಥರ್ಮೋಸ್ಟಾಟ್‌ಗಳಿಗೆ ಕೆಳಗೊಂದು ಬಿಲ್ಲೆ ಇರುತ್ತದೆ. ರೇಡಿಯೇಟರ್ ದಾರಿ ತೆರೆದಾಗ ಅದು ಎಂಜಿನ್ ಒಳಗಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಆ ಅಡ್ಡದಾರಿ ಸದಾ ತೆರೆದಿರುತ್ತದೆ, ಕೂಲೆಂಟಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಸುತ್ತುತ್ತದೆ. ಹಾಗಾಗಿ ಅದೇ ಗಾಡಿ ಕುಶಾಲನಗರದ ಸಮತಟ್ಟಿನಲ್ಲಿ ತಣ್ಣಗೆ ಓಡಿ, ಬೇಸಿಗೆಯಲ್ಲಿ ಐದು ಜನ ತುಂಬಿಕೊಂಡು ಸಂಪಾಜೆ ಹತ್ತುವಾಗ ಕುದಿಯಬಹುದು. ನನಗೆ ನಿಮ್ಮ ಬಗ್ಗೆ ಇರುವ ಕಾಳಜಿ ಮುಖ್ಯವಾಗಿ ಇದೇ.

ಥರ್ಮೋಸ್ಟಾಟ್ ಇದ್ದರೆ ಅದನ್ನು ಪಾತ್ರೆಯಲ್ಲಿ ಪರೀಕ್ಷಿಸಿ. ಹೊರತೆಗೆದು ಬೆಳಕಿಗೆ ಹಿಡಿದಾಗ ವಾಲ್ವ್ ಸಂದಿನಲ್ಲಿ ಬೆಳಕು ಕಂಡರೆ ಅಲ್ಲಿಗೇ ತೀರ್ಮಾನ. ಕಾಣದಿದ್ದರೆ, ಅಡುಗೆಗೆ ಬಳಸದ ಒಂದು ಪಾತ್ರೆಯಲ್ಲಿ ನೀರು ಹಾಕಿ, ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಜ್ವರ ನೋಡುವ ಥರ್ಮಾಮೀಟರ್ ನಡೆಯದು, 100 ಡಿಗ್ರಿಯವರೆಗೆ ಓದುವಂಥದ್ದು ಬೇಕು. ಅಚ್ಚಾದ ಅಂಕಿಯ ಆಸುಪಾಸಿನಲ್ಲಿ ವಾಲ್ವ್ ತುಟಿ ಬಿಡಲು ಶುರುಮಾಡಬೇಕು, ಒಲೆ ಆರಿಸಿದ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. 70 ಡಿಗ್ರಿಗೇ ಬಾಯಿ ಬಿಟ್ಟರೆ ಅದು ಉಪಯೋಗಕ್ಕಿಲ್ಲ. ಇಲ್ಲಿ ನಮ್ಮ ಎತ್ತರದ ಒಂದು ಲೆಕ್ಕವಿದೆ. ಮಡಿಕೇರಿ, ಸೋಮವಾರಪೇಟೆಗಳು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವುದರಿಂದ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಏರುವುದಿಲ್ಲ. 88ರ ಥರ್ಮೋಸ್ಟಾಟ್ ಪೂರ್ತಿ ತೆರೆಯಲು 100ರ ಹತ್ತಿರ ಬೇಕಾಗುವುದರಿಂದ ನಮ್ಮ ಪಾತ್ರೆಯಲ್ಲಿ ಅರೆಬರೆ ತೆರೆದದ್ದನ್ನು ನೋಡಿ ‘ಇದು ಕೆಟ್ಟಿದೆ’ ಎಂದು ಹೊಸದನ್ನು ಎಸೆದವರಿದ್ದಾರೆ. ತೆರೆಯಲು ಶುರುವಾಗುವ ಅಂಕಿಯನ್ನೇ ನೋಡಿ, ಪೂರ್ತಿ ತೆರೆಯುವುದನ್ನು ಇಲ್ಲಿ ನೋಡಲು ಹೋಗಬೇಡಿ.

ಹೊಸದು ತರುವಾಗ ನಿಮ್ಮ ಮಾಡೆಲ್ಲಿಗೆ ಕಂಪೆನಿ ಹೇಳಿದ ಡಿಗ್ರಿಯದನ್ನೇ ತನ್ನಿ. ‘ಇದು ಬೇಗ ತೆರೆಯುತ್ತೆ, ಗಾಡಿ ತಣ್ಣಗಿರುತ್ತೆ’ ಎಂದು ಅಂಗಡಿಯವರು ಬೇರೆ ಕೊಟ್ಟರೆ ಬೇಡ ಅನ್ನಿ. ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿಗೆ ಮುಖ ಮಾಡಿರಬೇಕು. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಗಾಳಿ ಹೊರಹೋಗುವ ದಾರಿ, ಸಾಮಾನ್ಯವಾಗಿ ಮೇಲ್ಗಡೆಗೆ ಬರುವಂತೆ ಕೂರಿಸುತ್ತಾರೆ. ರಬ್ಬರ್ ರಿಂಗ್ ಹೊಸದೇ ಆಗಬೇಕು. ಕೂಲೆಂಟ್ ತುಂಬುವಾಗ ತೋಡಿನ ನೀರು, ಬಾವಿ ನೀರು ಬೇಡ. ರೆಡಿ ಕೂಲೆಂಟ್ ಹಾಕಿ, ಇಲ್ಲವೇ ಡಿಸ್ಟಿಲ್ಡ್ ವಾಟರ್ ಜೊತೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಗಾಳಿಯೆಲ್ಲ ಹೊರಡುವ ತನಕ ನಿಧಾನವಾಗಿ ತುಂಬಿಸಬೇಕು. ಒಳಗೆ ಗಾಳಿ ಉಳಿದರೆ ಮತ್ತೆ ಹೀಟರ್ ತಣ್ಣಗೆ, ಮುಳ್ಳು ಮೇಲೆ ಕೆಳಗೆ.

ಗ್ಯಾರೇಜಿನವರನ್ನು ಒಂದು ಮಾತು ನೇರವಾಗಿ ಕೇಳಿ: ಕಳೆದ ಬೇಸಿಗೆಯಲ್ಲಿ ಗಾಡಿ ಬಿಸಿಯಾದದ್ದು ಯಾಕೆ, ಯಾವ ಭಾಗ ಬದಲಾಯಿಸಿದಿರಿ? ಥರ್ಮೋಸ್ಟಾಟ್ ತೆಗೆದದ್ದಷ್ಟೇ ರಿಪೇರಿ ಎಂದಾದರೆ ಆಗಿನ ಕಾರಣ ಹಾಗೇ ಉಳಿದಿದೆ. ರೇಡಿಯೇಟರಿನ ಒಳಗೆ ಕೆಸರು ಕಟ್ಟಿರಬಹುದು, ಹೊರಗಿನ ಜಾಲರಿಯಲ್ಲಿ ಮಣ್ಣು, ಹುಳ ತುಂಬಿರಬಹುದು, ಫ್ಯಾನ್ ಕೈಕೊಟ್ಟಿರಬಹುದು, ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯದಿರಬಹುದು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಈ ನಾಲ್ಕನ್ನೂ ನೋಡಿಸಿ. ಮೊದಲ ಘಾಟಿ ಪ್ರಯಾಣದಲ್ಲಿ ಫೋನಿನ ಅಂಕಿಯ ಮೇಲೆ ಪಕ್ಕದವರ ಕಣ್ಣಿರಲಿ. 105 ದಾಟಿ ಏರುತ್ತಲೇ ಹೋದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಅಗಲದ ಜಾಗ ನೋಡಿ ಗಾಡಿ ನಿಲ್ಲಿಸಿ.

ಇದನ್ನು ಓದುವ ಡೀಸೆಲ್ ಗಾಡಿಯವರಿಗೂ ಒಂದು ಮಾತು. 2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಆ ಮಸಿಯನ್ನು ಆಗಾಗ ಸುಟ್ಟು ತೆಗೆಯುವ ಕೆಲಸ ಎಂಜಿನ್ ಸಾಕಷ್ಟು ಕಾಯದಿದ್ದರೆ ನಡೆಯುವುದೇ ಇಲ್ಲ. ಫಿಲ್ಟರ್ ಲೈಟ್ ಪದೇಪದೇ ಬರುತ್ತಿದ್ದರೆ ದುಬಾರಿ ಫಿಲ್ಟರ್ ಬದಲಿಸುವ ಮೊದಲು ಕೂಲೆಂಟ್ ಎಷ್ಟು ಡಿಗ್ರಿಗೆ ಏರುತ್ತಿದೆ ಎಂದು ನೋಡಿಸಿ.

ನಿಮ್ಮ ಕಾರಿನಲ್ಲಿ ಕೊನೆಗೆ ಉಳಿಯುವುದು ಆಯಿಲ್. ಥರ್ಮೋಸ್ಟಾಟ್ ಸರಿಯಾದ ಕೂಡಲೇ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ, ಕಿಲೋಮೀಟರ್ ಆಗಲಿ ಎಂದು ಕಾಯಬೇಡಿ. ಪೆಟ್ರೋಲೂ ನೀರೂ ಸೇರಿದ ಆಯಿಲದು. ಮುಚ್ಚಳದ ಕೆನೆಯನ್ನು ಒರೆಸಿ ತೆಗೆದು, ಮೈಸೂರಿಗೋ ಮಂಗಳೂರಿಗೋ ಒಂದು ದೂರದ ಪ್ರಯಾಣ ಮಾಡಿ ಬಂದು ಮತ್ತೆ ಮುಚ್ಚಳ ತೆಗೆದು ನೋಡಿ. ಕೆನೆ ಮತ್ತೆ ಕಟ್ಟಿಲ್ಲವೆಂದರೆ ಹೆಡ್ ಗ್ಯಾಸ್ಕೆಟ್ ಚಿಂತೆ ಬಿಡಬಹುದು. ಅಷ್ಟು ದೂರ ಕಾದು ಓಡಿದ ಮೇಲೂ ದಪ್ಪಗೆ ಕಟ್ಟಿದ್ದರೆ, ಕೂಲೆಂಟ್ ಮಟ್ಟವೂ ಇಳಿದಿದ್ದರೆ, ಆಗ ಮೇಲೆ ಹೇಳಿದ ಬಣ್ಣದ ದ್ರವದ ಪರೀಕ್ಷೆ ಮಾಡಿಸಿ.